ಡಬ್ಬದೊಳಗಣ ಬೆಂಕಿ

ಹಳೆಯ ಮನೆಯನ್ನು ತೆರವು ಮಾಡುವಾಗ ಅಟ್ಟದ ಸರದಿ ಬರುವುದು ಕಟ್ಟಕಡೆಗೆ. ಕೆಳಗಿನ ಸಾಮಾನೆಲ್ಲ ಲಾರಿ ಹತ್ತಿದ ಮೇಲೆ ಏಣಿ ಹಾಕಿ, ಮೂಗಿಗೆ ವಸ್ತ್ರ ಕಟ್ಟಿಕೊಂಡು, ಮೊಣಕಾಲೂರಿ ಒಳಗೆ ನುಸುಳಬೇಕು. ಮೈಸೂರಿನ ನಮ್ಮ ಮನೆಯನ್ನು ಹೋದ ಬೇಸಗೆಯಲ್ಲಿ ಬಿಡಬೇಕಾಗಿ ಬಂದಾಗ ನಾನೂ ಹಾಗೆಯೇ ನುಸುಳಿದೆ. ಮುರಿದ ತೊಟ್ಟಿಲು, ಒಡಕು ಕೊಳಗ, ಗೊಂಬೆ ಹಬ್ಬದ ಮೆಟ್ಟಿಲಿನ ಹಲಗೆಗಳು. ಇವೆಲ್ಲದರ ಹಿಂದೆ ಮೂಲೆಯಲ್ಲಿ ಒಂದು ಸೀಮೆಎಣ್ಣೆ ಡಬ್ಬ. ಚೌಕನೆಯ ತಗಡಿನ ಡಬ್ಬ. ಒಂದು ಮಗ್ಗುಲು ಕರ್ರಗೆ ಸುಟ್ಟಿದೆ. ಮೇಲಿನ ಮುಚ್ಚಳವನ್ನು ಕತ್ತರಿಸಿ ಅಂಚನ್ನು ಒಳಕ್ಕೆ ಮಡಿಸಿ ಬಡಿದಿದೆ. ಅದನ್ನು ಎಳೆದ ಸದ್ದು ಕೇಳಿಸಿತೋ ಏನೋ, "ಅದನ್ನ ಮಾತ್ರ ಗುಜರಿಯವನಿಗೆ ಹಾಕಬೇಡ ಕಣೋ" ಎಂದು ಕೆಳಗಿನಿಂದ ಅಮ್ಮನ ದನಿ ಬಂತು.

ಆ ಡಬ್ಬವನ್ನು ನಾನು ಬಲ್ಲೆ. ನನಗೆ ಹತ್ತು ವರ್ಷವಾಗಿದ್ದಾಗ ಅದರ ಬಾಯಲ್ಲಿ ಬೆಂಕಿ ಉರಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಅದನ್ನು ಹೇಳಬೇಕಾದರೆ ಡಬ್ಬದ ಕಥೆಯನ್ನು ಹೇಳಬೇಕು. ಡಬ್ಬದ ಕಥೆ ಹೇಳಬೇಕಾದರೆ ಎಣ್ಣೆಯ ಕಥೆಯನ್ನೂ ಹೇಳಬೇಕು. ಹಳಗನ್ನಡ ಪಾಠ ಹೇಳುವ ಮೇಷ್ಟರಿಗೆ ಪೆಟ್ರೋಲಿನ ಉಸಾಬರಿ ಏಕೆಂದು ಯಾರಾದರೂ ಕೇಳಿಯಾರು. ಸುಟ್ಟ ಮನೆಯವನು ಬೆಂಕಿಯ ಚರಿತ್ರೆಯನ್ನು ಓದಿದರೆ ಅದು ಅಧಿಕಪ್ರಸಂಗವಾಗಲಾರದೆಂದು ನನ್ನ ಎಣಿಕೆ.

ಮೊದಲು ಹೆಸರು. ಕಡಲಾಚೆಯಿಂದ ಬಂದುದಕ್ಕೆಲ್ಲ ನಮ್ಮವರು "ಸೀಮೆ" ಎಂಬ ಮಾತನ್ನು ಅಂಟಿಸಿದರು. ಸೀಮೆಸುಣ್ಣ, ಸೀಮೆಬದನೆ, ಸೀಮೆಅಕ್ಕಿ, ಹಾಗೆಯೇ ಸೀಮೆಎಣ್ಣೆ. ಎಳ್ಳೆಣ್ಣೆ, ಹರಳೆಣ್ಣೆ, ಹೊಂಗೆಎಣ್ಣೆಗಳ ಪಂಕ್ತಿಯಲ್ಲಿ ಅದಕ್ಕೂ ಒಂದು ಎಲೆ ಹಾಕಿ ಕೂರಿಸಿಬಿಟ್ಟರು. ಉತ್ತರ ಕರ್ನಾಟಕದವರೂ ಕರಾವಳಿಯವರೂ ದೀಪದ ಗಾಜಿನ ಬುರುಡೆಯನ್ನು ನೋಡಿ ಅದನ್ನು ಚಿಮಣಿ ಎಣ್ಣೆ ಎಂದರು. ಹೆಸರೇನೋ ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ಒಂದು ಮೋಸವೂ ಇದೆ. ಹರಳೆಣ್ಣೆಯ ಬಟ್ಟಲಿಗೆ ಉರಿಯುವ ಕಡ್ಡಿಯನ್ನು ಅದ್ದಿದರೆ ಕಡ್ಡಿ ಆರುತ್ತದೆ. ಎಣ್ಣೆಯೆಂದರೆ ಹಾಗೆ, ಬತ್ತಿಯಿಲ್ಲದೆ ಉರಿಯದ ಸಾಧು ಪದಾರ್ಥವೆಂದು ಸಾವಿರಾರು ವರ್ಷ ನಂಬಿದ ಜನರ ಮನೆಗೆ, ಎಣ್ಣೆಯೆಂಬ ಹೆಸರನ್ನೇ ಹೊತ್ತು ಬೇರೆ ಜಾತಿಯ ವಸ್ತುವೊಂದು ಬಂದಿತು. ಅದರ ಬೆನ್ನ ಹಿಂದೆಯೇ ಅದರ ತಮ್ಮ ಪೆಟ್ರೋಲು ಬಂದ. ಅಣ್ಣನಿಗಿಂತ ತಮ್ಮ ಬಲು ದುಡುಕಿನವನು.

ಹುಟ್ಟಿನಲ್ಲಿ ಇಬ್ಬರೂ ಜೊತೆಯವರೇ. 1859ನೆಯ ಇಸವಿಯ ಆಗಸ್ಟಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಟೈಟಸ್‌ವಿಲ್ ಎಂಬಲ್ಲಿ ಎಡ್ವಿನ್ ಡ್ರೇಕ್ ಎಂಬಾತ ಕೊಳವೆ ಬಾವಿ ಕೊರೆದು ಕಲ್ಲೆಣ್ಣೆಯನ್ನು ಮೇಲೆತ್ತಿದ. ಅದನ್ನು ಭಟ್ಟಿಯಿಳಿಸಿದರೆ ಮೊದಲು ಆವಿಯಾಗಿ ಬರುವುದು ತೆಳುವಾದ, ಬೇಗ ಹಾರಿಹೋಗುವ ದ್ರವ. ಅದೇ ನಾವಿಂದು ಪೆಟ್ರೋಲೆನ್ನುವ ಭಾಗ. ಅದರ ತರುವಾಯ ಬರುವುದು ಸೀಮೆಎಣ್ಣೆ. ಅಂದಿನ ವ್ಯಾಪಾರಿಗೆ ಬೇಕಾಗಿದ್ದುದು ಎರಡನೆಯದು; ದೀಪಕ್ಕೆ ಬೆಲೆಯಿತ್ತು. ಮೊದಲನೆಯದನ್ನು ಏನು ಮಾಡಬೇಕೆಂದು ತಿಳಿಯದೆ ಹಳ್ಳಕ್ಕೆ ಹರಿಯಬಿಟ್ಟರು, ಕೆಲವರು ಸುಟ್ಟುಹಾಕಿದರು. ಇಂದು ನಾವು ಬಂಕಿನ ಮುಂದೆ ಹನಿಹನಿಗೂ ಅಂಕೆ ನೋಡಿ ಕೊಳ್ಳುವ ವಸ್ತು ಅಂದು ಎಸೆಯುವುದಕ್ಕೂ ಜಾಗವಿಲ್ಲದ ಕಸವಾಗಿತ್ತು.

ಎಸೆಯುವುದಕ್ಕಿಂತ ಲಾಭದ ದಾರಿಯೊಂದನ್ನು ವ್ಯಾಪಾರಿಗಳು ಬೇಗ ಕಂಡುಕೊಂಡರು. ಕಸವನ್ನು ಸೀಮೆಎಣ್ಣೆಗೆ ಬೆರೆಸಿ ಮಾರಿದರು. ನಮ್ಮ ಹಾಲಿನವನು ಬೆರೆಸಿದ್ದು ನೀರು; ಅದರಿಂದ ಕಾಫಿ ಕೆಟ್ಟೀತು, ಅಷ್ಟೇ. ಈ ಬೆರಕೆಯಿಂದ ದೀಪವೇ ಸಿಡಿಯತೊಡಗಿತು. ದೀಪದ ಹೊಟ್ಟೆ ಬಿಸಿಯಾದಂತೆಲ್ಲ ಎಣ್ಣೆಯ ಮೇಲೆ ಆವಿ ಕಟ್ಟಿಕೊಳ್ಳುತ್ತದೆ. ಎಣ್ಣೆ ತೀರುತ್ತ ಬಂದು ಗಾಳಿ ಸೇರಿದಾಗ, ಬತ್ತಿಯ ಸಂದಿನಿಂದ ಕಿಡಿ ಒಳಗಿಳಿದರೆ ಮುಗಿಯಿತು. ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಚಾಂಡ್ಲರ್ ಎಂಬ ರಸಾಯನಶಾಸ್ತ್ರಜ್ಞರು ಅಂಗಡಿ ಅಂಗಡಿಯ ಎಣ್ಣೆಯನ್ನು ತರಿಸಿ ಪರೀಕ್ಷಿಸಿ ಈ ಮೋಸವನ್ನು ಬಯಲಿಗೆಳೆದರು. ಒಂದು ನೂರು ವರ್ಷ ಕಳೆಯುವುದರೊಳಗೆ ಲೋಕ ತಲೆಕೆಳಗಾಯಿತು. ನಮ್ಮ ದೇಶದಲ್ಲಿ ಪಡಿತರದ ಸೀಮೆಎಣ್ಣೆ ಅಗ್ಗ, ಪೆಟ್ರೋಲು ತುಟ್ಟಿ. ಆದ್ದರಿಂದ ನಮ್ಮ ಕಾಲದ ಕಳ್ಳರು ಪೆಟ್ರೋಲಿಗೆ ಸೀಮೆಎಣ್ಣೆಯನ್ನು ಬೆರೆಸಿದರು. ಪಡಿತರದ ಎಣ್ಣೆಗೆ ಸರ್ಕಾರ ನೀಲಿ ಬಣ್ಣ ಹಾಕಿದ್ದು ಈ ಕಳ್ಳತನವನ್ನು ಹಿಡಿಯುವುದಕ್ಕಾಗಿ.

ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟು ಬೇಗ ಕಣ್ಣು ತೆರೆಯಿತು. 1862ರ ಪೆಟ್ರೋಲಿಯಂ ಶಾಸನವು ವಾಸದ ಮನೆಯಿಂದ 50 ಗಜದೊಳಗೆ 40 ಗ್ಯಾಲನ್ನಿಗಿಂತ ಹೆಚ್ಚಾಗಿ ಇಂಥ ಎಣ್ಣೆಯನ್ನು ಪರವಾನಗಿ ಇಲ್ಲದೆ ಇಡಕೂಡದೆಂದಿತು. ಆದರೆ ಶಾಸನ ಬರೆದ ಮಾತ್ರಕ್ಕೆ ಬೆಂಕಿ ಓದಿಕೊಳ್ಳುತ್ತದೆಯೆ? 1868ನೆಯ ಇಸವಿ ಆಗಸ್ಟ್ 20ರಂದು ವೇಲ್ಸಿನ ಅಬರ್‌ಗೆಲೆ ಎಂಬ ಊರಿನ ಬಳಿ, ಗೂಡ್ಸ್ ಗಾಡಿಯಿಂದ ಕಳಚಿಕೊಂಡ ಕೆಲವು ವ್ಯಾಗನ್ನುಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿಕೊಂಡು ಬಂದು ಐರ್ಲೆಂಡಿನ ಮೇಲ್ ಗಾಡಿಗೆ ಡಿಕ್ಕಿ ಹೊಡೆದುವು. ಅವುಗಳಲ್ಲಿದ್ದುದು ದೀಪದ ಎಣ್ಣೆಯ ಪೀಪಾಯಿಗಳು. ಮೂವತ್ತಮೂರು ಜನ ಸತ್ತರು. ಯಾರದು ಯಾವ ದೇಹವೆಂದು ಗುರುತು ಹತ್ತದಷ್ಟು ಸುಟ್ಟುಹೋಗಿದ್ದುದರಿಂದ ಎಲ್ಲರನ್ನೂ ಅಬರ್‌ಗೆಲೆಯ ಇಗರ್ಜಿಯ ಅಂಗಳದಲ್ಲಿ ಒಂದೇ ಗೋರಿಯಲ್ಲಿಟ್ಟರು.

ಇದೆಲ್ಲದರಿಂದ ಒಂದು ಪ್ರಶ್ನೆ ಎದ್ದಿತು. ಯಾವ ಎಣ್ಣೆ ಸಾಧು, ಯಾವುದು ದುಷ್ಟ ಎಂದು ಕಣ್ಣಿನಿಂದ ನೋಡಿ ಹೇಳುವುದು ಹೇಗೆ? ಬಣ್ಣ ಒಂದೇ, ತೆಳುವೂ ಹೆಚ್ಚು ಕಡಮೆ ಒಂದೇ. ಉತ್ತರ ಕೊಟ್ಟವರು ಬ್ರಿಟಿಷ್ ಯುದ್ಧ ಇಲಾಖೆಯ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಏಬಲ್. ಕಾರ್ಡೈಟ್ ಎಂಬ ಸಿಡಿಮದ್ದನ್ನು ಡ್ಯುವರರ ಜೊತೆಗೂಡಿ ಕಂಡುಹಿಡಿದವರೂ ಇವರೇ. ಒಂದು ಕೈಯಲ್ಲಿ ಸಿಡಿಸುವ ವಿದ್ಯೆ, ಇನ್ನೊಂದು ಕೈಯಲ್ಲಿ ಸಿಡಿಯದಂತೆ ಕಾಯುವ ವಿದ್ಯೆ. ಏಬಲರ ಉಪಕರಣ ಬಹಳ ಸರಳ. ಮುಚ್ಚಿದ ಚಿಕ್ಕ ಲೋಹದ ಬಟ್ಟಲಿನಲ್ಲಿ ಎಣ್ಣೆ, ಸುತ್ತ ಬಿಸಿನೀರು, ಒಳಗೆ ಉಷ್ಣಮಾಪಕ. ಎಣ್ಣೆ ನಿಧಾನವಾಗಿ ಬಿಸಿಯೇರುತ್ತಿರುವಾಗ ಒಂದೊಂದು ಡಿಗ್ರಿಗೂ ಮುಚ್ಚಳದ ಕಿಂಡಿಯನ್ನು ಸರಿಸಿ, ಕಾಳಿನಷ್ಟು ದೊಡ್ಡ ಜ್ವಾಲೆಯೊಂದನ್ನು ಒಳಗೆ ಅದ್ದಿ ತೆಗೆಯಬೇಕು. ಯಾವ ಡಿಗ್ರಿಯಲ್ಲಿ ಒಳಗೆ ನೀಲಿಯಾಗಿ ಫಕ್ಕನೆ ಮಿಂಚುತ್ತದೆಯೋ ಅದು ಆ ಎಣ್ಣೆಯ ಮಿಂಚುವ ಬಿಂದು. ಉರಿಯುವುದು ಎಣ್ಣೆಯಲ್ಲ, ಎಣ್ಣೆಯ ಮೇಲೆ ಕೂತ ಆವಿ ಎಂಬ ದೊಡ್ಡ ಸತ್ಯವನ್ನು ಈ ಪುಟ್ಟ ಬಟ್ಟಲು ಲೋಕಕ್ಕೆ ಕಲಿಸಿತು. 1879ರಲ್ಲಿ ಬ್ರಿಟಿಷ್ ಶಾಸನ ಇದನ್ನು ಒಪ್ಪಿ, ಫ್ಯಾರನ್‌ಹೀಟ್ 73 ಡಿಗ್ರಿಗಿಂತ ಕೆಳಗೆ ಮಿಂಚುವುದನ್ನು ಅಪಾಯಕರವೆಂದು ಗೆರೆ ಎಳೆಯಿತು.

ನಮ್ಮ ದೇಶಕ್ಕೂ ಅದೇ ಬಟ್ಟಲು ಬಂತು. ಭಾರತದ ಪೆಟ್ರೋಲಿಯಂ ಶಾಸನಗಳಲ್ಲಿ ಗೆರೆ ಸ್ವಲ್ಪ ಮೇಲೆ, 76 ಡಿಗ್ರಿಯಲ್ಲಿ ನಿಂತಿತು. ಸೆಂಟಿಗ್ರೇಡಿನಲ್ಲಿ ಇಪ್ಪತ್ತನಾಲ್ಕೂವರೆ ಎನ್ನಿ. ಇದರಲ್ಲೊಂದು ತಮಾಷೆಯಿದೆ. ಲಂಡನ್ನಿನಲ್ಲಿ 76 ಡಿಗ್ರಿಯೆಂದರೆ ಬೇಸಗೆಯ ಒಳ್ಳೆಯ ದಿನ. ನಮ್ಮ ರಾಯಚೂರು ಕಲಬುರ್ಗಿಗಳ ಮಾತು ಹಾಗಿರಲಿ, ಮೈಸೂರಿನಂಥ ತಂಪು ಊರಿನಲ್ಲಿಯೂ ಮಧ್ಯಾಹ್ನದ ಬಿಸಿಲು ಆ ಗೆರೆಯನ್ನು ದಾಟಿಯೇ ದಾಟುತ್ತದೆ. ಇಂದು ನಮ್ಮಲ್ಲಿ ಸೀಮೆಎಣ್ಣೆ 35 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಮಿಂಚಬಾರದೆಂದು ನಿಯಮ. ಪೆಟ್ರೋಲಿನ ಬಿಂದುವಾದರೋ ಸೊನ್ನೆಗಿಂತ 40 ಡಿಗ್ರಿಗಳಷ್ಟು ಕೆಳಗೆ. ಹಿಮಾಲಯದ ನೆತ್ತಿಯ ಚಳಿಯಲ್ಲಿಟ್ಟರೂ ಕಿಡಿ ಸೋಕಿದರೆ ಹೊತ್ತಿಕೊಳ್ಳಲು ಅದು ಸಿದ್ಧವಾಗಿಯೇ ಇರುತ್ತದೆ. ಒಂದು ಡಬ್ಬದಲ್ಲಿ ಸೀಮೆಎಣ್ಣೆಯನ್ನು ಇಟ್ಟು ಬದುಕಿದ ಅನುಭವ ಪೆಟ್ರೋಲಿಗೆ ಏಕೆ ಸಲ್ಲದು ಎಂಬುದಕ್ಕೆ ಈ ಎರಡು ಅಂಕೆಗಳ ನಡುವಣ ದೂರವೇ ಸಾಕ್ಷಿ.

ಇನ್ನು ಡಬ್ಬ. ಇದು ಬರಿಯ ತಗಡಲ್ಲ. ಒಂದು ಕಾಲದ ಲೋಕವ್ಯಾಪಾರದ ಮುದ್ರೆ. ಅಮೆರಿಕದಿಂದ ಸೀಮೆಎಣ್ಣೆ ಹಡಗೇರಿ ಬಂದದ್ದು ನಾಲ್ಕು ಗ್ಯಾಲನ್ನಿನ, ಎಂದರೆ ಸುಮಾರು 18 ಲೀಟರಿನ ಚೌಕ ತಗಡಿನ ಡಬ್ಬಗಳಲ್ಲಿ. ಎರಡೆರಡು ಡಬ್ಬಕ್ಕೆ ಒಂದು ಮರದ ಪೆಟ್ಟಿಗೆ. ಈ ವ್ಯಾಪಾರದಲ್ಲಿ ರಾಕ್‌ಫೆಲರರ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯದು ಸಾರ್ವಭೌಮತ್ವ. ಅದನ್ನು ಮುರಿಯಲು ಹೊರಟವನು ಲಂಡನ್ನಿನ ಮಾರ್ಕಸ್ ಸ್ಯಾಮ್ಯುಯೆಲ್. ಅವನ ತಂದೆ ಕಡಲ ಚಿಪ್ಪುಗಳ ವ್ಯಾಪಾರಿ, ಷೆಲ್ ಎಂಬ ಹೆಸರು ಬಂದದ್ದು ಅಲ್ಲಿಂದಲೇ. 1892ರಲ್ಲಿ ಆತ ಮ್ಯೂರೆಕ್ಸ್ ಎಂಬ ಹಡಗಿನ ಹೊಟ್ಟೆಗೇ ರಷ್ಯದ ಎಣ್ಣೆಯನ್ನು ತುಂಬಿಸಿ ಸೂಯೆಜ್ ಕಾಲುವೆಯ ಮೂಲಕ ಪೂರ್ವದೇಶಗಳಿಗೆ ಕಳಿಸಿದ. ಡಬ್ಬವಿಲ್ಲ, ಪೆಟ್ಟಿಗೆಯಿಲ್ಲ, ಆದ್ದರಿಂದ ಅಗ್ಗ. ಜನ ತಮ್ಮ ತಮ್ಮ ಪಾತ್ರೆ ಹಿಡಿದು ಸಾಲುಗಟ್ಟಿ ಬರುತ್ತಾರೆ ಎಂದು ಅವನ ಲೆಕ್ಕಾಚಾರ. ಯಾರೂ ಬರಲಿಲ್ಲ. ಏಷ್ಯದ ಗೃಹಿಣಿಗೆ ಎಣ್ಣೆಯಷ್ಟೇ ಡಬ್ಬವೂ ಬೇಕಾಗಿತ್ತು! ಸ್ಟ್ಯಾಂಡರ್ಡಿನವರ ನೀಲಿ ಡಬ್ಬ ಎಣ್ಣೆ ತೀರಿದ ಮೇಲೆ ಬಿಂದಿಗೆಯಾಗುತ್ತಿತ್ತು, ಅಕ್ಕಿಯ ಕಣಜವಾಗುತ್ತಿತ್ತು, ಸೀಳಿ ಚಪ್ಪಟೆ ಮಾಡಿದರೆ ಮಾಡಿಗೆ ಹೊದಿಕೆಯಾಗುತ್ತಿತ್ತು. ಕೊನೆಗೆ ಸ್ಯಾಮ್ಯುಯೆಲ್ ತಗಡನ್ನು ತರಿಸಿ, ಊರೂರಿನಲ್ಲಿ ಡಬ್ಬ ಮಾಡಿಸಿ, ಕೆಂಪು ಬಣ್ಣ ಬಳಿಸಿ ಎಣ್ಣೆ ಮಾರಬೇಕಾಯಿತು. ಲಂಡನ್ನಿನ ಆ ಚಾಣಾಕ್ಷನಿಗೆ ನಮ್ಮ ಅಜ್ಜಿಯಂದಿರ ಅಡುಗೆಮನೆಯ ಅರ್ಥಶಾಸ್ತ್ರ ತಿಳಿದಿರಲಿಲ್ಲ.

ನಮ್ಮ ಮನೆಯ ಡಬ್ಬವೂ ಆ ಕುಲದ್ದೇ. ಅಜ್ಜ ಯಾವಾಗ ತಂದರೋ ಗೊತ್ತಿಲ್ಲ. ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. ಅದಕ್ಕಿಂತ ಮೂರು ವರ್ಷ ಮೊದಲೇ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಬೀದಿಗೆ ಬಂದ ದೀಪ ಮನೆಯೊಳಗೆ ಕಾಲಿಡಲು ಎಷ್ಟೋ ಬೀದಿಗಳಲ್ಲಿ ಒಂದೆರಡು ತಲೆಮಾರು ಹಿಡಿಯಿತು. ಅಲ್ಲಿಯವರೆಗೆ ಬುಡ್ಡಿ, ಲಾಂದ್ರ, ಅವುಗಳ ಹಿಂದೆ ಈ ಡಬ್ಬ. ತರುವಾಯ ಪಂಪು ಸ್ಟೋವು ಬಂತು, ಅದಕ್ಕೂ ಇದೇ ಡಬ್ಬ. ಅದರ ಬಾಯಿಗೆ ಅಜ್ಜಿ ಮರದ ಬಿರಡೆ ಮಾಡಿಸಿ, ಹಳೆಯ ಸೀರೆಯ ಚೂರು ಸುತ್ತಿ ಗಿಡಿದಿದ್ದರು. ಸೀಮೆಎಣ್ಣೆಗೆ ಆ ಬಿರಡೆ ಸಾಕಾಗಿತ್ತು.

ಪೆಟ್ರೋಲು ಮನೆಯೊಳಕ್ಕೆ ಬಂದದ್ದು ಮೋಟಾರಿನ ಜೊತೆಯಲ್ಲಿ ಎಂದು ನಾವೆಲ್ಲ ತಿಳಿದಿದ್ದೇವೆ. ನಿಜ ಸಂಗತಿ ಹಾಗಲ್ಲ. ಮೋಟಾರಿಗಿಂತ ಮೊದಲೇ ಅದು ಔಷಧದ ಅಂಗಡಿಯಲ್ಲಿ ಸೀಸೆಯಲ್ಲಿ ಕುಳಿತಿತ್ತು, ಬಟ್ಟೆಯ ಜಿಡ್ಡು ತೆಗೆಯುವುದಕ್ಕೆಂದು. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆನ್ಸ್ ಎಂಬ ಗೃಹಿಣಿ ತನ್ನ ಗಂಡ ನಿರ್ಮಿಸಿದ್ದ ಮೋಟಾರು ಗಾಡಿಯನ್ನು ಗಂಡನಿಗೆ ಹೇಳದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ನಡೆಸಿಕೊಂಡು ಹೋದಳು. ದಾರಿಯಲ್ಲಿ ಇಂಧನ ಮುಗಿಯಲು ವೀಸ್ಲಾಕ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಕೊಂಡದ್ದು ಇದೇ ಜಿಡ್ಡು ತೆಗೆಯುವ ದ್ರವವನ್ನು. ಪೆಟ್ರೋಲೆಂಬ ಹೆಸರನ್ನು ಮಾರುಕಟ್ಟೆಗೆ ತಂದದ್ದು 1890ರ ದಶಕದಲ್ಲಿ ಲಂಡನ್ನಿನ ಕಾರ್ಲೆಸ್, ಕೇಪೆಲ್ ಅಂಡ್ ಲೆನರ್ಡ್ ಎಂಬ ಕಂಪನಿ. ತವರಿಗೆ ಹೊರಟ ಹೆಣ್ಣುಮಗಳೇ ಲೋಕದ ಮೊತ್ತಮೊದಲ ದೂರಪ್ರಯಾಣದ ಮೋಟಾರು ಸವಾರಳಾದಳೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಆ ಜಿಡ್ಡು ತೆಗೆಯುವ ಗುಣ ನಮ್ಮ ಮನೆಗಳಿಗೂ ಬಂತು. ರೇಷ್ಮೆ ಸೀರೆಗೆ "ಪೆಟ್ರೋಲ್ ವಾಷ್" ಎಂಬ ಮಾತು ಒಂದು ತಲೆಮಾರಿನ ಹೆಂಗಸರಿಗೆಲ್ಲ ಪರಿಚಿತ. ಧಾರೆಯ ಸೀರೆಗೆ ತುಪ್ಪ ಸಿಡಿದರೆ ಡೋಬಿಗೆ ಕೊಡಲು ಮನಸ್ಸಿಲ್ಲದವರು ಗಂಡನ ಸ್ಕೂಟರಿನಿಂದ ಅರ್ಧ ಲೋಟ ಪೆಟ್ರೋಲು ತೆಗೆಸಿ, ನಡುಮನೆಯಲ್ಲೇ ಕೂತು, ಹತ್ತಿಯಲ್ಲಿ ಅದ್ದಿ ಉಜ್ಜುತ್ತಿದ್ದರು. ಉಜ್ಜಿದ ರೇಷ್ಮೆಯಲ್ಲಿ ಹುಟ್ಟುವ ಚಿಟಪಟ ಕಿಡಿಯೊಂದೇ ಸಾಕು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ದೇವರ ಮನೆಯ ನಂದಾದೀಪ ಎಷ್ಟು ದೂರದಲ್ಲಿತ್ತೆಂದು ನೆನೆದರೆ ಇಂದು ನನಗೆ ಮೈ ಜುಮ್ಮೆನ್ನುತ್ತದೆ.

ಡಬ್ಬದ ಯೋಗ್ಯತೆ ಬಯಲಾದದ್ದು ಯುದ್ಧದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಹೋರಾಡಿದ ಬ್ರಿಟಿಷ್ ಪಡೆ, ಅದರಲ್ಲಿದ್ದ ನಮ್ಮ ಭಾರತೀಯ ಡಿವಿಜನ್ನೂ ಸೇರಿ, ಪೆಟ್ರೋಲನ್ನು ಸಾಗಿಸಿದ್ದು ಇಂಥದೇ ನಾಲ್ಕು ಗ್ಯಾಲನ್ನಿನ ತಗಡಿನ ಡಬ್ಬಗಳಲ್ಲಿ. ಲಾರಿಯ ಕುಲುಕಾಟಕ್ಕೆ ಬೆಸುಗೆ ಬಿಡುತ್ತಿತ್ತು; ನೂರಕ್ಕೆ ಮೂವತ್ತರಷ್ಟು ಪೆಟ್ರೋಲು ಸೈನ್ಯಕ್ಕೆ ಮುಟ್ಟುವ ಮೊದಲೇ ಸೋರಿಹೋಗುತ್ತದೆಂದು ಅಲ್ಲಿನ ದಂಡನಾಯಕ ಆಕಿನ್‌ಲೆಕ್ ಅಂದಾಜು ಮಾಡಿದ್ದರು. ಸೈನಿಕರು ಡಬ್ಬಕ್ಕೆ ಇಟ್ಟ ಅಡ್ಡಹೆಸರಿನ ಅರ್ಥ "ಬಡಕಲು" ಎಂದು. ಬರಿದಾದ ಡಬ್ಬವನ್ನು ಅರ್ಧಕ್ಕೆ ಕತ್ತರಿಸಿ, ಮರಳು ತುಂಬಿ, ಪೆಟ್ರೋಲು ಸುರಿದು, ಹೊತ್ತಿಸಿ ಚಹ ಕಾಯಿಸಿಕೊಳ್ಳುತ್ತಿದ್ದರಂತೆ. ಡಬ್ಬಕ್ಕೆ ಮರುಜನ್ಮ ಕೊಡುವ ವಿದ್ಯೆ ನಮ್ಮ ಅಜ್ಜಿಯಂದಿರ ಸೊತ್ತು ಮಾತ್ರವಲ್ಲವೆಂದಾಯಿತು.

ಎದುರು ಪಾಳೆಯದ ಜರ್ಮನರ ಕೈಯಲ್ಲಿದ್ದುದು 20 ಲೀಟರಿನ, ಒತ್ತಿ ಬೆಸೆದ ಗಟ್ಟಿ ಉಕ್ಕಿನ ಡಬ್ಬ. ಮೇಲೆ ಮೂರು ಹಿಡಿ. ಎರಡು ತುಂಬಿದ ಡಬ್ಬಗಳನ್ನು ಇಬ್ಬರು ಸುಲಭವಾಗಿ ಸಾಗಿಸಬಹುದು. ಸನ್ನೆಯಂತೆ ಒತ್ತಿ ಮುಚ್ಚುವ ಬಾಯಿ. ತುಂಬಿದ ಮೇಲೂ ಒಳಗೆ ಒಂದಿಷ್ಟು ಗಾಳಿಯ ಜಾಗ, ಬಿಸಿಲಿಗೆ ದ್ರವ ಹಿಗ್ಗಿದರೆ ಒಡೆಯದಿರಲೆಂದು. ಜರ್ಮನರನ್ನು ಜೆರ್ರಿಗಳೆಂದು ಕರೆಯುತ್ತಿದ್ದ ಬ್ರಿಟಿಷ್ ಸೈನಿಕರು ಇದನ್ನು ಜೆರಿಕ್ಯಾನ್ ಎಂದರು, ಸಿಕ್ಕಿದಲ್ಲಿ ದೋಚಿದರು, ಕಡೆಗೆ ಅಚ್ಚಿಗೆ ಅಚ್ಚು ನಕಲು ಮಾಡಿದರು. ಈ ಡಬ್ಬದ ಗುಟ್ಟು ಅಮೆರಿಕಕ್ಕೆ ತಲುಪಿದ ಹಾದಿಯಲ್ಲಿ ಭಾರತವೂ ಇದೆ. 1939ರಲ್ಲಿ ಪಾಲ್ ಪ್ಲೈಸ್ ಎಂಬ ಅಮೆರಿಕದ ಎಂಜಿನಿಯರು ಒಬ್ಬ ಜರ್ಮನ್ ಸ್ನೇಹಿತನೊಡನೆ ಬರ್ಲಿನ್ನಿನಿಂದ ಭಾರತಕ್ಕೆ ಕಾರಿನಲ್ಲಿ ಹೊರಟ. ದಾರಿಗೆ ನೀರು ತುಂಬಿಕೊಳ್ಳಲೆಂದು ಆ ಸ್ನೇಹಿತ ವಿಮಾನ ನಿಲ್ದಾಣದ ಉಗ್ರಾಣದಿಂದ ಇಂಥ ಮೂರು ಡಬ್ಬಗಳನ್ನು ಹೊತ್ತು ತಂದಿದ್ದ. ಸ್ನೇಹಿತನನ್ನು ನಡುದಾರಿಯಲ್ಲೇ ಜರ್ಮನಿ ಹಿಂದಕ್ಕೆ ಕರೆಸಿಕೊಂಡಿತು. ಪ್ಲೈಸ್ ಕಲ್ಕತ್ತೆಯವರೆಗೆ ಬಂದು ಕಾರನ್ನು ಅಲ್ಲಿ ಬಿಟ್ಟು ತನ್ನ ದೇಶಕ್ಕೆ ಮರಳಿದ. ಲೋಕದ ಸೈನ್ಯಗಳು ಹುಡುಕುತ್ತಿದ್ದ ವಸ್ತು ಕೆಲಕಾಲ ಕಲ್ಕತ್ತೆಯಲ್ಲಿ ಧೂಳು ಹಿಡಿಯುತ್ತ ಬಿದ್ದಿತ್ತು.

ಅದೇ ಯುದ್ಧಕಾಲದಲ್ಲಿ ಇಲ್ಲಿ ಪೆಟ್ರೋಲಿಗೆ ಪಡಿತರ ಬಂದು, ನಮ್ಮ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಗ್ಯಾಸ್ ಒಲೆ ಕಟ್ಟಿದ್ದನ್ನು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಕೊರತೆ ಬಂದಾಗಲೆಲ್ಲ ಕೂಡಿಡುವ ಆಸೆ ಹುಟ್ಟುತ್ತದೆ. ಕೂಡಿಡುವವನ ಕೈಗೆ ಮೊದಲು ಸಿಕ್ಕುವುದು ಮನೆಯಲ್ಲಿರುವ ಪಾತ್ರೆ.

ಶಾಸನವೇನೋ ಅಷ್ಟರಲ್ಲಾಗಲೇ ಇತ್ತು. ಭಾರತದ ಪೆಟ್ರೋಲಿಯಂ ಶಾಸನ 1934ರದು; ಇಂದಿಗೂ ನಡೆಯುತ್ತಿರುವುದು ಅದೇ. ಅದರ ಎಂಟನೆಯ ವಿಧಿಯನ್ನು ನಾನು ಎರಡು ಮೂರು ಸಲ ಓದಿದ್ದೇನೆ; ಗದ್ಯದ ದೃಷ್ಟಿಯಿಂದಲೂ ಮೆಚ್ಚತಕ್ಕ ಬಿಗಿಯಿದೆ. ಮಾರಾಟಕ್ಕಲ್ಲದೆ ಸ್ವಂತಕ್ಕೆಂದು ಇಟ್ಟುಕೊಳ್ಳುವ ಪೆಟ್ರೋಲು 30 ಲೀಟರು ಮೀರದಿದ್ದರೆ ಪರವಾನಗಿ ಬೇಡ. ಆದರೆ ಅದು ಭದ್ರವಾದ ಬಿರಡೆಯುಳ್ಳ ಗಾಜಿನ, ಜಾಡಿಮಣ್ಣಿನ, ಇಲ್ಲವೆ ಲೋಹದ ಪಾತ್ರೆಯಲ್ಲಿರಬೇಕು; ಗಾಜೋ ಜಾಡಿಯೋ ಆದರೆ ಒಂದು ಲೀಟರಿಗಿಂತ ದೊಡ್ಡದಾಗಬಾರದು, ಲೋಹವಾದರೆ 25 ಲೀಟರಿಗಿಂತ ದೊಡ್ಡದಾಗಬಾರದು. ಗ್ಯಾಲನ್ನಿನ ಅಂಕೆಗಳು ಮುಂದೆ ಲೀಟರಿಗೆ ತಿರುಗಿದುವು, ತತ್ತ್ವ ಬದಲಾಗಲಿಲ್ಲ. ಪ್ಲಾಸ್ಟಿಕ್ಕಿನ ನೀರಿನ ಬಾಟಲಿಗೆ ಆ ವಿಧಿಯಲ್ಲಿ ಜಾಗವೇ ಇಲ್ಲ. ಹಳ್ಳಿಯ ದಾರಿಯ ಪೆಟ್ಟಿಗೆ ಅಂಗಡಿಗಳಲ್ಲಿ ಬಿಸಿಲಿಗೆ ಹೊಳೆಯುತ್ತ ನೇತಾಡುವ ಬಾಟಲಿಗಳನ್ನು ಕಂಡಾಗಲೆಲ್ಲ ಈ ಎಂಟನೆಯ ವಿಧಿ ನನಗೆ ನೆನಪಾಗುತ್ತದೆ.

ಶಾಸನ ಬಲ್ಲವರೇ ಮರೆತರೆ? 2012ರ ಮಾರ್ಚಿನಲ್ಲಿ ಇಂಗ್ಲೆಂಡಿನಲ್ಲಿ ಪೆಟ್ರೋಲು ಲಾರಿಯ ಚಾಲಕರು ಮುಷ್ಕರ ಹೂಡುವರೆಂಬ ಸುದ್ದಿ ಹಬ್ಬಿತು. ಮಂತ್ರಿ ಫ್ರಾನ್ಸಿಸ್ ಮಾಡ್ ಅವರು, ಜೆರಿಕ್ಯಾನಿನಲ್ಲಿ ಒಂದಿಷ್ಟು ತುಂಬಿ ಗ್ಯಾರೇಜಿನಲ್ಲಿ ಇಟ್ಟುಕೊಳ್ಳಿರೆಂದು ಜನರಿಗೆ ಬುದ್ಧಿ ಹೇಳಿದರು. ಅಲ್ಲಿನ ಅಂದಿನ ಕಟ್ಟಳೆಯ ಪ್ರಕಾರ ಮನೆಯಲ್ಲಿಡುವ ಲೋಹದ ಪಾತ್ರೆ 10 ಲೀಟರಿಗಿಂತ ದೊಡ್ಡದಾಗಿರಬಾರದು. ಜೆರಿಕ್ಯಾನ್ ಹಿಡಿಯುವುದು 20. ಅಗ್ನಿಶಾಮಕದವರು ಹೌಹಾರಿದರು. ಎರಡು ದಿನ ಕಳೆಯುವುದರೊಳಗೆ ಯಾರ್ಕ್ ನಗರದಲ್ಲಿ ಒಬ್ಬ ಹೆಣ್ಣುಮಗಳು ಅಡುಗೆಮನೆಯಲ್ಲಿ ನಿಂತು ಪೆಟ್ರೋಲನ್ನು ಡಬ್ಬದಿಂದ ಹೂಜಿಗೆ ಬಗ್ಗಿಸುತ್ತಿದ್ದಾಗ, ಪಕ್ಕದಲ್ಲಿ ಹೊತ್ತಿದ್ದ ಗ್ಯಾಸ್ ಒಲೆಯಿಂದ ಬೆಂಕಿ ಹಾರಿ ಮೈಯೆಲ್ಲ ಸುಟ್ಟುಕೊಂಡಳು. ಏಬಲರ ದೇಶದಲ್ಲಿ, ಏಬಲರ ಬಟ್ಟಲು ಬಂದು ನೂರ ಮೂವತ್ತು ವರ್ಷಗಳಾದ ಮೇಲೆ ನಡೆದ ಸಂಗತಿಯಿದು. ಪತ್ರಿಕೆಯಲ್ಲಿ ಅದನ್ನು ಓದಿದಂದು ನಾನು ಊಟ ಮಾಡಲಿಲ್ಲ.

ಏಕೆಂದರೆ ನಮ್ಮ ಮನೆಯಲ್ಲಿ ನಡೆದದ್ದೂ ಅದೇ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ನುಂಗಿತು. ಎಣ್ಣೆಯ ಬೆಲೆ ಏರಿತು. ಬಂಕುಗಳ ಮುಂದೆ ಸಾಲು ಬೆಳೆಯಿತು. ಪ್ರೌಢಶಾಲೆಯ ಮೇಷ್ಟರಾದ ನಮ್ಮ ತಂದೆಯವರಿಗೆ ಸ್ಕೂಟರಿನಲ್ಲಿ ದಿನವೂ ಹದಿನಾರು ಮೈಲಿಯ ಓಡಾಟ. ಒಂದು ಭಾನುವಾರ ಅವರು ಪರಿಚಯದವರೊಬ್ಬರ ಮೂಲಕ ಹತ್ತು ಲೀಟರು ಪೆಟ್ರೋಲು ಹೊಂದಿಸಿ ತಂದರು. ಅಜ್ಜಿಯ ಡಬ್ಬವನ್ನು ಬರಿದು ಮಾಡಿಸಿ ಅದರಲ್ಲಿ ತುಂಬಿ, ಅದೇ ಮರದ ಬಿರಡೆಯನ್ನು ಗಿಡಿದರು. ಎಲ್ಲಿಡುವುದು? ಅಡುಗೆಮನೆ ಬೇಡ, ನಡುಮನೆ ಬೇಡ. ಬಚ್ಚಲುಮನೆಯೇ ಲೇಸು, ಕಲ್ಲು ಹಾಸಿದೆ, ನೀರಿದೆ, ಸುಡುವಂಥ ವಸ್ತುವಿಲ್ಲ. ವಿಚಾರವಂತರೇ ಆದ ಅವರು ಹೀಗೆ ಯೋಚಿಸಿ, ಮನೆಯಲ್ಲಿ ಅತ್ಯಂತ ಅಪಾಯದ ಜಾಗವನ್ನೇ ಆರಿಸಿದರು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಾಲು ಭಾರ. ಅದು ಹೊಗೆಯಂತೆ ಮೇಲೇರುವುದಿಲ್ಲ. ನೀರಿನಂತೆ ನೆಲದ ಮೇಲೆ ಹರಿದು ತಗ್ಗನ್ನು ಹುಡುಕುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲಿಗಿಂತ ತಗ್ಗು ಯಾವುದಿದೆ? ಆ ತಗ್ಗಿನಲ್ಲಿಯೇ ನೆಲಕ್ಕೆ ಅಂಟಿಕೊಂಡು ಹಂಡೆಯ ಒಲೆ.

ಮಂಗಳವಾರ ಸಂಜೆ. ಒಲೆಯಲ್ಲಿ ತೆಂಗಿನ ಮಟ್ಟೆ ಆರಿ ಕೆಂಡವಾಗಿತ್ತು; ಉರಿಯಿಲ್ಲವೆಂದು ತಂದೆಯವರಿಗೆ ಧೈರ್ಯ. ಒಲೆಯಿಂದ ನಾಲ್ಕು ಮಾರು ದೂರದಲ್ಲಿ, ಬಾಗಿಲ ಬಳಿ, ಡಬ್ಬವನ್ನು ಓರೆ ಮಾಡಿ ಸೀಸೆಗೆ ಬಗ್ಗಿಸುತ್ತಿದ್ದರು. ನಾನು ಆಲಿಕೆ ಹಿಡಿದಿದ್ದವನು ಅಮ್ಮ ಕರೆದಳೆಂದು ಎದ್ದು ಎರಡು ಹೆಜ್ಜೆ ಬಂದಿದ್ದೆ. ಹಿಂದಿನಿಂದ ಬಟ್ಟೆ ಒದರಿದಂಥ ಒಂದು ಸದ್ದು. ತಿರುಗಿ ನೋಡಿದರೆ ಒಲೆಯ ಬಾಯಿಂದ ನೆಲದುದ್ದಕ್ಕೂ ನೀಲಿಯ ಹಾಳೆಯೊಂದು ಹರಿದು ಬಂದು ತಂದೆಯವರ ಪಾದ ಮುಟ್ಟಿ, ಸೀಸೆ ಹಿಡಿದ ಬಲಗೈಯನ್ನು ಏರುತ್ತಿತ್ತು. ಡಬ್ಬ ಸಿಡಿಯಲಿಲ್ಲ. ಅರ್ಧ ತುಂಬಿದ ಡಬ್ಬದೊಳಗೆ ಆವಿ ಕಿಕ್ಕಿರಿದು ಗಾಳಿಗೆ ಎಡೆಯಿರದಿದ್ದುದರಿಂದ ಬೆಂಕಿ ಬಾಯಲ್ಲಷ್ಟೇ ದೊಡ್ಡ ಬತ್ತಿಯಂತೆ ನಿಂತು ಉರಿಯಿತು. ನೂರಕ್ಕೆ ಒಂದೂವರೆಯಿಂದ ಏಳೂವರೆ ಪಾಲಿನವರೆಗೆ ಆವಿ ಗಾಳಿಯಲ್ಲಿ ಬೆರೆತಾಗ ಮಾತ್ರ ಸ್ಫೋಟವೆಂದು ಈಗ ಓದಿ ಬಲ್ಲೆ; ಮುಗಿದುಹೋದ ಡಬ್ಬ ತುಂಬಿದ ಡಬ್ಬಕ್ಕಿಂತ ಕ್ರೂರವಾಗುವುದು ಇದರಿಂದಲೇ. ನೆರೆಮನೆಯವರು ಬಿಂದಿಗೆ ನೀರು ಹಿಡಿದು ಓಡಿ ಬಂದರು. "ನೀರು ಬೇಡ, ತೇಲತ್ತೆ!" ಎಂದು ಕೂಗಿದವರು ಆ ಉರಿಯ ನಡುವೆ ನಿಂತ ತಂದೆಯವರೇ. ಅಮ್ಮ ನೆನೆದ ಗೋಣಿಯನ್ನು ಅವರ ಕೈಗೆ ಸುತ್ತಿ ಎಳೆದುಕೊಂಡಳು. ಎದುರುಮನೆಯ ಮಹಡಿ ಕಟ್ಟಲು ತಂದು ಹಾಕಿದ್ದ ಮರಳನ್ನು ಬಾಂಡಲಿಯಲ್ಲಿ ತಂದು ಸುರಿದು ಗಾರೆ ಕೆಲಸದವರು ಬೆಂಕಿಯನ್ನು ಆರಿಸಿದರು.

ಪ್ರಾಣಕ್ಕೆ ಅಪಾಯವಾಗಲಿಲ್ಲ. ಬಲಗೈಯ ಮೂರು ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಮುತ್ತು ಪೋಣಿಸಿದಂಥ ಬರವಣಿಗೆ ಅವರದು. ಶಾಲೆಯ ಸನ್ಮಾನಪತ್ರಗಳನ್ನೆಲ್ಲ ಅವರ ಕೈಯಲ್ಲೇ ಬರೆಸುತ್ತಿದ್ದರು. ಆಮೇಲೆ ಅವರು ಬೋರ್ಡಿನ ಮೇಲೆ ಬರೆದದ್ದನ್ನು ಹುಡುಗರು ಅಕ್ಷರ ಕೂಡಿಸಿ ಓದಬೇಕಾಯಿತು. ಅದನ್ನು ಕುರಿತು ಅವರು ಮನೆಯಲ್ಲಿ ಒಂದು ದಿನವೂ ಮಾತಾಡಲಿಲ್ಲ, ನಾವೂ ಕೇಳಲಿಲ್ಲ. ಸುಟ್ಟ ಡಬ್ಬವನ್ನು ಅಮ್ಮ ತಿಂಗಳುಗಟ್ಟಲೆ ಬಿಸಿಲಿನಲ್ಲಿಟ್ಟು, ನೀರು ತುಂಬಿ ಚೆಲ್ಲಿ, ಕಡೆಗೆ ತಗಡಿನವನಿಂದ ಬಾಯಿ ಕತ್ತರಿಸಿಕೊಂಡದ್ದು ನೆನಪಿದೆ. ಆಮೇಲೆ ಅದು ಎಲ್ಲಿ ಹೋಯಿತೆಂದು ನಾನು ವಿಚಾರಿಸಿರಲಿಲ್ಲ.

ಡಬ್ಬವನ್ನು ಏಣಿಯ ಮೇಲೆ ಇಳಿಸಿಕೊಂಡು ಬೆಳಕಿಗೆ ತಂದು ನೋಡಿದೆ. ಮೇಲೆ ನಾಲ್ಕಾರು ಹಳೆಯ ಪಂಚಾಂಗಗಳು. ಅವುಗಳ ಕೆಳಗೆ ಎರಡು ಗೆರೆಯ ಕಾಪಿ ಪುಸ್ತಕಗಳು, ಒಂದರ ಮೇಲೊಂದು ಹನ್ನೊಂದು. ಒಂದನೆಯ ತರಗತಿಯ ಮಕ್ಕಳಿಗೆ ಕೊಡುತ್ತಾರಲ್ಲ, ಅಂಥವು. ಮೊದಲನೆಯದರ ಮೇಲೆ 1991ರ ಜನವರಿಯ ತಾರೀಖು. ಒಳಗೆ ಪುಟಪುಟಕ್ಕೂ ಅ, ಆ, ಇ, ಈ; ಗೆರೆ ಮೀರಿದ, ಎಡಕ್ಕೆ ವಾಲಿದ, ನಡುಗುವ ಅಕ್ಷರಗಳು. ಎಡಗೈಯ ಅಕ್ಷರಗಳು. ಐದನೆಯ ಪುಸ್ತಕದ ಹೊತ್ತಿಗೆ ಅವು ಗೆರೆಯೊಳಗೆ ನಿಂತಿವೆ. ಒಂಬತ್ತನೆಯದರಲ್ಲಿ ಒಂದು ಪುಟದ ತುಂಬ ನನ್ನ ಹೆಸರು.

"ಸಿಕ್ತೇನೋ?" ಎಂದಳು ಅಮ್ಮ.

"ಸಿಕ್ತು" ಎಂದೆ.

ಡಬ್ಬ ಈಗ ನನ್ನ ಓದುವ ಕೋಣೆಯಲ್ಲಿದೆ.